ನಾಯಿಯ ಪಾದಕ್ಕೆ ಗಾಯವಾದರೆ

ಮಳೆಗಾಲದಲ್ಲಿ ತೋಟ ಸುತ್ತಿ ಬಂದ ನಾಯಿ ಕುಂಟುತ್ತಿದ್ದರೆ ಮೊದಲು ಜಗಲಿ ಮೇಲೆ ಮಲಗಿಸಿ ಬೆರಳಸಂದಿ ಬಿಡಿಸಿ ನೋಡಿ. ನಮ್ಮ ತೀರ್ಥಹಳ್ಳಿ ಕಡೆ ಕಳೆ ಹೊಡೆದ ಮೇಲೆ ಉಳಿಯುವ ಕೂಳೆ, ಸೀಗೆಮುಳ್ಳು, ಯಾರೋ ಕುಡಿದು ಎಸೆದ ಬಾಟಲಿಯ ಚೂರು, ಇಷ್ಟರಲ್ಲಿ ಒಂದು ಚುಚ್ಚಿರುತ್ತದೆ. ಕೆಲವು ಸಲ ಕಾವಿ ನೆಲದ ತುಂಬ ರಕ್ತದ ಹೆಜ್ಜೆ ಕಂಡು ಎದೆ ಧಸಕ್ಕೆನ್ನುತ್ತದೆ, ನೋಡಿದರೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅದು ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಬಟ್ಟೆ ಒತ್ತಿ ಹಿಡಿದರೆ ಸಾಕು. ಉಣುಗು, ಅಂದರೆ ಉಣ್ಣೆ ಹುಳ, ಕಂಡರೆ ಮಾತ್ರ ಬರಿಗೈಲಿ ಹೊಸಕಬೇಡಿ. 1957ರಲ್ಲಿ, ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ.

ಎಂಥ ಸಾಧು ನಾಯಿಯೂ ನೋವಿಗೆ ಕಚ್ಚುತ್ತದೆ, ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ಪಾದದ ಮೆತ್ತೆ ಕೊಯ್ದಿದ್ದರೆ ರಕ್ತ ಜಾಸ್ತಿ. ಶುಭ್ರ ಬಟ್ಟೆ ಮಡಚಿ 10 ನಿಮಿಷ ಗಟ್ಟಿಯಾಗಿ ಒತ್ತಿ. ನಡುನಡುವೆ ಎತ್ತಿ ನೋಡಿದರೆ ಕಟ್ಟಿದ ರಕ್ತ ಕಿತ್ತುಬರುತ್ತದೆ. ಆಮೇಲೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ತೊಳೆಯಿರಿ. ಗಾಯ ತೊಳೆಯುವ ಕಂದು ಔಷಧ ಪೊವಿಡೋನ್ ಅಯೋಡಿನ್ ಇದ್ದರೆ ತೆಳ್ಳನೆ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಅದರಲ್ಲಿ ತೊಳೆಯಿರಿ. ಬೆರಳಸಂದಿಯ ನೀರನ್ನೆಲ್ಲ ಒತ್ತಿ ಒರೆಸಬೇಕು. ಇದೇ ಮುಖ್ಯ.

ನಾನು ಇದನ್ನು ಕಲಿತದ್ದು ನಮ್ಮ ಕರಿಯನಿಗೆ ನೋವು ಕೊಟ್ಟು. ಅರಿಶಿನ, ಕಾಫಿಪುಡಿ ಮೆತ್ತಿ, ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಮೂರು ದಿನ ಬಿಟ್ಟಿದ್ದೆ. ಬಿಚ್ಚಿದಾಗ ಚರ್ಮ ನೆನೆದು ಬಿಳಚಿ, ಬೆರಳಸಂದಿಯಲ್ಲಿ ಹುಳ ಗಿಜಿಗುಡುತ್ತಿದ್ದವು. ಆ ವಾಸನೆ ಇವತ್ತಿಗೂ ಮರೆತಿಲ್ಲ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗುತ್ತದೆ. ಹಾಗಾಗಿ ಬ್ಯಾಂಡೇಜನ್ನು ದಿನಾ ಬಿಚ್ಚಿ ಬದಲಿಸಿ. ಬೆರಳುಗಳ ನಡುವೆ ಹತ್ತಿ ಇಟ್ಟು, ಸಡಿಲವಾಗಿ ಸುತ್ತಿ, ಬೆರಳ ತುದಿ ಊದುತ್ತಿಲ್ಲವೇ, ತಣ್ಣಗಾಗಿಲ್ಲವೇ ನೋಡುತ್ತಿರಿ. ಪ್ಲಾಸ್ಟಿಕ್ ಅಂಗಳಕ್ಕೆ ಹೋಗಿ ಬರುವಷ್ಟು ಹೊತ್ತು ಮಾತ್ರ. ಹುಳಕ್ಕೆಂದು ಕರ್ಪೂರ, ನುಸಿಗುಳಿಗೆ ಹಾಕಬೇಡಿ, ನೆಕ್ಕಿದರೆ ವಿಷ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತ ನಮ್ಮ ಮಾತ್ರೆಗಳನ್ನೂ ಕೊಡಬೇಡಿ.

ಗಾಯ ಬಾಯಿ ಬಿಟ್ಟಿದ್ದರೆ, ರಕ್ತ ನಿಲ್ಲದಿದ್ದರೆ, ಕಾಲೂರಲು ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಬೇರೆ ಪ್ರಾಣಿ ಕಚ್ಚಿದ್ದರೆ ರೇಬೀಸ್ ಚುಚ್ಚುಮದ್ದಿಗೆ ಅಂದೇ ಹೊರಡಿ. ನೋಡನೋಡುತ್ತ ಪಾದ ಊದಿಕೊಂಡರೆ ಹಾವು ಕಚ್ಚಿರಬಹುದು, ಒಂದು ಗಳಿಗೆಯೂ ಕಾಯಬೇಡಿ.

ನೆಕ್ಕುವುದನ್ನು ತಪ್ಪಿಸಲು ನಾನು ಅಡಿಕೆ ಹಾಳೆ ಬಳಸುತ್ತೇನೆ. ನೀರಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ. ಆಲಿಕೆಯಂತೆ ಸುತ್ತಿ, ಅಂಚಿಗೆ ಹಳೆ ಸೀರೆಯ ಪಟ್ಟಿ ಹೊಲಿದು, ಕೊರಳಿಗೂ ಹಾಳೆಗೂ ನಡುವೆ ಎರಡು ಬೆರಳು ಆಡುವಷ್ಟು ಜಾಗ ಬಿಟ್ಟು ಕಟ್ಟಿ. ಊಟದ ಹೊತ್ತಿಗೆ ಬಿಚ್ಚಿ, ಪಕ್ಕದಲ್ಲೇ ಕೂತಿರಿ. ಮೆತ್ತೆಯಲ್ಲಿ ಹೊಸ ಚರ್ಮ ಎಳೆಯದಾಗಿ, ನಸುಗೆಂಪಗೆ ಬರುತ್ತದೆ. ಅದು ಒರಟಾಗುವ ತನಕ ಜಲ್ಲಿ ರಸ್ತೆಗೂ ತೋಟಕ್ಕೂ ಬಿಡಬೇಡಿ.