ಹುಲ್ಲಿನ ಓಲೆಯ ಊರು ಹುಡುಕಿದ್ದು

ಹುಲ್ಲು, ನಾರು, ಬೆತ್ತದಿಂದ ಮಾಡಿದ ಓಲೆ, ಬಳೆಗಳನ್ನು ಕೂಡಿಡುವುದು ನನ್ನ ಹವ್ಯಾಸ. ಅದು ಗೊತ್ತಿರುವವರು ತಮಗೆ ಸಿಕ್ಕಿದ್ದನ್ನು ತಂದು "ಇದು ಎಲ್ಲಿಯದು, ನೋಡಿ ಹೇಳು" ಅನ್ನುತ್ತಾರೆ. ಇತ್ತೀಚೆಗೆ ಗೆಳತಿಯೊಬ್ಬಳು ಒಂದು ಜೊತೆ ದುಂಡನೆಯ ಓಲೆ ಕೊಟ್ಟಳು. ಅಂಗೈ ಮೇಲಿಟ್ಟರೆ ತೂಕವೇ ಗೊತ್ತಾಗದು, ಬಣ್ಣ ಮಾತ್ರ ಅಪ್ಪಟ ಬಂಗಾರ. ಬಿಹಾರದ ಸಿಕ್ಕಿ ಹುಲ್ಲಿನದು ಅಂತ ಯಾರೋ ಅವಳಿಗೆ ಹೇಳಿದ್ದರಂತೆ.

ಬಣ್ಣ ನೋಡಿ ಊರು ಹೇಳಬಾರದು. ಒಣಗಿದ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುವ ಹುಲ್ಲು ಒಂದೇ ಅಲ್ಲ. ನಾನು ಮೊದಲು ನೋಡುವುದು ಕಟ್ಟಿದ ರೀತಿಯನ್ನು. ನಮ್ಮ ಮೇದಾರರು ಮೊರ, ಮಂಕರಿ ಮಾಡುವಾಗ ಬಿದಿರಿನ ಸೀಳುಗಳನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ ಹೆಣೆಯುತ್ತಾರೆ. ಈ ಓಲೆಯಲ್ಲಿ ಆ ಹೆಣಿಗೆ ಇರಲಿಲ್ಲ. ಕೊಡದಡಿಯ ಸಿಂಬೆಯ ಹಾಗೆ ಹುಲ್ಲಿನ ಕಟ್ಟನ್ನು ಸುತ್ತುತ್ತಾ ಹೋಗಿ, ಸುತ್ತಿಗೆ ಸುತ್ತನ್ನು ಸೇರಿಸಿ ಹೊಲಿದಿದ್ದರು. ಇದನ್ನು ನಾನು ಸುರುಳಿ ಹೊಲಿಗೆ ಅಂತ ಕರೆಯುತ್ತೇನೆ.

ಸಿಕ್ಕಿ ಕೆಲಸವೂ ಸುರುಳಿ ಹೊಲಿಗೆಯೇ. ಹಾಗಾಗಿ ಇಲ್ಲಿ ಅವಸರ ಮಾಡುವ ಹಾಗಿಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ವಾ, ಅಂಥ ಲೆನ್ಸ್ ತೆಗೆದುಕೊಂಡು ಕಿಟಕಿಯ ಬೆಳಕಿನಲ್ಲಿ ಕುಳಿತೆ. ಮಿಥಿಲೆಯ ಹೆಂಗಸರು, ಮಧುಬನಿ, ದರ್ಭಂಗಾ ಕಡೆಯವರು, ಒಳಗೆ ಮುಂಜ್ ಎಂಬ ಒರಟು ಹುಲ್ಲನ್ನು ತಿರುಳಾಗಿ ಇಡುತ್ತಾರೆ. ಟಕುವಾ ಎಂಬ ಕಬ್ಬಿಣದ ದಬ್ಬಳದಿಂದ ತೂತು ಮಾಡಿ, ಸೀಳಿದ ಸಿಕ್ಕಿಯನ್ನು ಅದರ ಮೇಲೆ ಒತ್ತಾಗಿ ಸುತ್ತುತ್ತಾರೆ. ಒಳಗಿನ ಮುಂಜ್ ಕಾಣುವುದೇ ಇಲ್ಲ. ಮೇಲಿನ ಸಿಕ್ಕಿಯ ಎಳೆಗಳು ಸುರುಳಿಗೆ ಅಡ್ಡಡ್ಡ ಓಡುತ್ತವೆ. ಕೆಂಪು, ಹಸಿರು, ನೇರಳೆ ಬಣ್ಣ ಹಾಕಿದ ಸಿಕ್ಕಿಯೂ ನಡುನಡುವೆ ಬರುತ್ತದೆ.

ನನ್ನ ಕೈಯಲ್ಲಿದ್ದ ಓಲೆಯಲ್ಲಿ ಎಲ್ಲ ತಿರುವುಮುರುವು. ಹೊಳೆಯುತ್ತಿದ್ದದ್ದು ತಿರುಳೇ. ತೆಳ್ಳನೆಯ ಕಡ್ಡಿಗಳು ಸೀಳದೆ, ಇಡಿಯಾಗಿ, ಸುರುಳಿಯ ಉದ್ದಕ್ಕೇ ಓಡುತ್ತಿದ್ದವು. ಅವುಗಳನ್ನು ಹಿಡಿದ ದಾರ ಮಾತ್ರ ಅಡ್ಡ. ಅದೂ ದೂರ ದೂರ ಬಿದ್ದು, ನಡುವಿನಿಂದ ಅಂಚಿನವರೆಗೆ ಸಾಲಾಗಿ ಕಾಣುತ್ತಿತ್ತು. ಈ ಒಂದು ಗುರುತು ಸಿಕ್ಕಿದ ಮೇಲೆ ನನ್ನ ಮನಸ್ಸು ಬಿಹಾರ ಬಿಟ್ಟು ಬ್ರೆಜಿಲ್ ಕಡೆ ಹೋಯಿತು.

ಬ್ರೆಜಿಲ್‌ನ ತೊಕಾಂಚಿನ್ಸ್ ರಾಜ್ಯದಲ್ಲಿ ಜಲಪಾಂವ್ ಎಂಬ ಸೀಮೆ ಇದೆ. ಅಲ್ಲಿನ ಜೌಗು ಬಯಲಲ್ಲಿ ಬೆಳೆಯುವ ಕಪಿಂ ದೊರಾದುವನ್ನು ಎಲ್ಲರೂ ಚಿನ್ನದ ಹುಲ್ಲು ಅನ್ನುತ್ತಾರೆ. ನಿಜಕ್ಕೂ ಅದು ಹುಲ್ಲಿನ ಜಾತಿಯಲ್ಲ. ಸಿಂಗೊನಾಂಥಸ್ ನೈಟೆನ್ಸ್ ಎಂಬ ಸಣ್ಣ ಗಿಡದ ಹೂವಿನ ಕಡ್ಡಿ ಅದು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಬಯಲುಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಬಿಳಿ ಹೂ ಬಿಡುವ ಎರಿಯೊಕೌಲಾನ್ ಗಿಡಗಳೂ ಇದೇ ಕುಟುಂಬದವು. ಅದು ತಿಳಿದ ಮೇಲೆ ನನಗೆ ಜಲಪಾಂವ್ ಅಷ್ಟು ದೂರದ್ದು ಅನ್ನಿಸಲಿಲ್ಲ.

ಹೊಲಿಯುವ ದಾರವನ್ನು ಬುರಿತಿ ಎಂಬ ತಾಳೆಯ ಎಳೆ ಗರಿಯಿಂದ ಸುಲಿಯುತ್ತಾರೆ. ಹಾಗಾಗಿ ನನ್ನ ಎರಡನೆಯ ಪರೀಕ್ಷೆ ದಾರದ್ದು. ಬುರಿತಿ ನಾರು ಚಪ್ಪಟೆ, ಮಾಸಲು, ಅಗಲ ಒಂದೇ ಸಮ ಇರುವುದಿಲ್ಲ. ನೈಲಾನ್ ಆದರೆ ದುಂಡಗೆ ಮಿಂಚುತ್ತದೆ. ಈ ಓಲೆಯದು ನಾರೇ. ಕಡ್ಡಿ ಮುಗಿದಲ್ಲಿ ಹೊಸ ಕಡ್ಡಿಯ ತುದಿಯನ್ನು ಕಟ್ಟಿನೊಳಗೆ ತೂರಿಸಿದ್ದೂ ಹಿಂಬದಿಯಲ್ಲಿ ಕಂಡಿತು. ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿದೆ, ಬಣ್ಣ ಬಿಡಲಿಲ್ಲ. ಬೆಂಕಿಗೆ ಹಿಡಿದು ನೋಡುವ ರೂಢಿ ಕೆಲವರಿಗಿದೆ. ದಯವಿಟ್ಟು ಬೇಡ. ಲೆನ್ಸ್ ಸಾಕು.

ಜಲಪಾಂವ್‌ನ ಮಾಟೆಯ್ರುಸ್ ಪಟ್ಟಣದ ಬಳಿಯ ಮುಂಬುಕಾ ಎಂಬ ಹಳ್ಳಿಯಿಂದ ಈ ಕೆಲಸ ಹೊರಗಿನವರಿಗೆ ಪರಿಚಯವಾಯಿತು. ಅಲ್ಲಿಯವರು ಗುಲಾಮಗಿರಿಗೆ ಸಿಕ್ಕಿದ್ದ ಆಫ್ರಿಕನ್ನರ ವಂಶದವರು. ಶೆರೆಂತೆ ಮೂಲನಿವಾಸಿಗಳಿಂದ ಹಿರಿಯರು ಈ ಹೊಲಿಗೆ ಕಲಿತರು ಅಂತ ಹೇಳುತ್ತಾರೆ. ಆ ಹಳ್ಳಿಯ ಹಿರಿಯಜ್ಜಿ ದೋನಾ ಮಿಯುದಾ ಇದಕ್ಕೆ ದೊಡ್ಡ ಹೆಸರು ತಂದವರು. ಸೆಪ್ಟೆಂಬರ್ 20ಕ್ಕೆ ಮೊದಲು ಕಡ್ಡಿ ಕೀಳಬಾರದು ಎಂಬ ನಿಯಮ ಅಲ್ಲಿದೆ. ಬೀಜ ಬಲಿಯಬೇಕು. ಕಿತ್ತ ಮೇಲೆ ಹೂವಿನ ತಲೆಗಳನ್ನು ಕತ್ತರಿಸಿ ಅದೇ ಬಯಲಲ್ಲಿ ಚೆಲ್ಲಿ ಬರಬೇಕು. ಕೈಕೆಲಸ ಮಾಡದ ಬರೀ ಹುಲ್ಲನ್ನು ಸೀಮೆಯಿಂದ ಹೊರಗೆ ಸಾಗಿಸುವಂತಿಲ್ಲ. 2011ರಲ್ಲಿ ಜಲಪಾಂವ್‌ನ ಈ ಕೆಲಸಕ್ಕೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿತು.

ಇದೆಲ್ಲ ಗೊತ್ತಿದ್ದರೆ ಸುಮ್ನೆ "ಹುಲ್ಲಿನ ಓಲೆ" ಅಂತ ಮುಗಿಸಲು ಮನಸ್ಸು ಬರುವುದಿಲ್ಲ. ತಪ್ಪು ಊರಿನ ಹೆಸರು ಹಾಕಿದರೆ ಇಬ್ಬರಿಗೂ ಅನ್ಯಾಯ. ಮಿಥಿಲೆಯ ಹೆಂಗಸರ ಕೆಲಸಕ್ಕೆ ಅದರದೇ ಅಂದವಿದೆ, ಇನ್ನೊಬ್ಬರ ಓಲೆಯನ್ನು ಅವರ ಹೆಸರಿಗೆ ಸೇರಿಸಬೇಕಾಗಿಲ್ಲ.

ಆದರೂ ಹೊಲಿಗೆ ನೋಡಿ ಹೇಳುವುದಕ್ಕೆ ಒಂದು ಮಿತಿ ಇದೆ. ಜಲಪಾಂವ್‌ನಲ್ಲಿ ಕಲಿತವರು ಬೇರೆ ಊರಲ್ಲಿ ಕುಳಿತೂ ಹೊಲಿಯಬಹುದು. ಅದಕ್ಕೇ ಓಲೆಗೆ ಕಟ್ಟಿದ ಚೀಟಿಯಲ್ಲಿ ಹೀಗೆ ಬರೆದೆ: "ಕಪಿಂ ದೊರಾದು ಕಡ್ಡಿ, ಬುರಿತಿ ನಾರು, ಸುರುಳಿ ಹೊಲಿಗೆ. ಜಲಪಾಂವ್ ಪದ್ಧತಿ." ಮಾಡಿದ ಊರಿನ ಜಾಗ ಖಾಲಿ ಬಿಟ್ಟೆ. ತನಗೆ ಓಲೆ ಕೊಟ್ಟವರು ಅದನ್ನು ಎಲ್ಲಿ ಕೊಂಡರು, ಜೊತೆಗೆ ಬಂದ ಚೀಟಿ ಏನಾದರೂ ಉಳಿದಿದೆಯಾ ಅಂತ ಕೇಳಲು ಗೆಳತಿಗೆ ಹೇಳಿದ್ದೇನೆ. ನೀರು, ಸೆಂಟು ತಾಗಿಸಬೇಡ ಅಂತಲೂ ಹೇಳಿದೆ.