ಹೊಸ ಪವರ್ ಟಿಲ್ಲರ್: ಸ್ಟಾರ್ಟ್ ಮಾಡುವ ಮುನ್ನ ಬ್ಯಾಟರಿ, ಆಯಿಲ್ ನೋಡಿ

ಹೊಸ ಟಿಲ್ಲರ್ ಮನೆಗೆ ಬಂದ ಕೂಡಲೇ ಗದ್ದೆಗೆ ಇಳಿಸೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ. ಎಷ್ಟೋ ಯಂತ್ರಗಳು ಎಂಜಿನ್ ಆಯಿಲ್ ಇಲ್ಲದೆಯೇ ಕಾರ್ಖಾನೆಯಿಂದ ಬರುತ್ತವೆ. ಹಾಗೇ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಜಾಮ್ ಆಗುತ್ತದೆ. ‘ಅಂಗಡಿಯವರು ಹಾಕಿರ್ತಾರೆ ಬಿಡಿ’ ಅಂತ ಸುಮ್ನೆ ನಂಬಬೇಡಿ. ಜೊತೆಗೆ ಬಂದ ಪುಸ್ತಕ ತೆಗೆದು, ಒಂದೊಂದಾಗಿ ನೀವೇ ನೋಡಿ.

ಸೆಲ್ಫ್ ಸ್ಟಾರ್ಟ್ ಇದ್ದರೆ ಮೊದಲು ಬ್ಯಾಟರಿ. ಸೀಲ್ ಮಾಡಿದ ಬ್ಯಾಟರಿಯಾದರೆ ಚಾರ್ಜ್ ಮಾಡಿದರೆ ಸಾಕು, ತೆರೆಯಬೇಡಿ. ಆಸಿಡ್ ತುಂಬಬೇಕಾದ ಬ್ಯಾಟರಿಯಾದರೆ ಯಂತ್ರದಿಂದ ಹೊರಗೆ ತೆಗೆದು, ಗಾಳಿಯಾಡುವ ಜಾಗದಲ್ಲಿಡಿ. ರಬ್ಬರ್ ಕೈಗವಸು, ಕನ್ನಡಕ ಬೇಕೇ ಬೇಕು. ತುಂಬುವ ಆಸಿಡ್ ಗಂಧಕಾಮ್ಲ. ಪಕ್ಕದಲ್ಲೇ ಒಂದು ಬಕೆಟ್ ನೀರಿರಲಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರಲ್ಲಿ ತೊಳೆಯುತ್ತಲೇ ಇದ್ದು, ನೇರ ಆಸ್ಪತ್ರೆಗೆ ಹೋಗಿ. ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಹಾಕಿ.

ಗಾಳಿ ಹೋಗುವ ತೂತಿಗೆ ಟೇಪ್ ಅಂಟಿಸಿದ್ದರೆ ಕಿತ್ತುಬಿಡಿ. ಪ್ರತಿ ಕೋಣೆಗೂ ಮೇಲಿನ ಗೆರೆಯವರೆಗೆ ಆಸಿಡ್ ತುಂಬಿ, ಅರ್ಧ ಗಂಟೆ ಬಿಡಿ. ಪ್ಲೇಟುಗಳು ಹೀರಿಕೊಂಡು ಮಟ್ಟ ಇಳಿಯುತ್ತದೆ. ಆಗ ಅದೇ ಆಸಿಡ್ ಸೇರಿಸಿ ಸರಿ ಮಾಡಿ. ಮುಂದೆ ಎಂದಾದರೂ ಮಟ್ಟ ಇಳಿದರೆ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡವೇ ಬೇಡ.

ಚಾರ್ಜಿಂಗ್ ನಿಧಾನವಾಗಿರಲಿ. 35 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿಗೆ ಸುಮಾರು 3.5 ಆಂಪಿಯರ್ ಸಾಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಒಂದು ಕಿಡಿ ಬಿದ್ದರೂ ಬ್ಯಾಟರಿ ಸಿಡಿಯಬಹುದು. ಬೀಡಿ, ದೀಪ ಹತ್ತಿರ ತರಬೇಡಿ. ಕ್ಲಿಪ್ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ. ಯಂತ್ರಕ್ಕೆ ಜೋಡಿಸುವಾಗ ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್. ಬಿಚ್ಚುವಾಗ ಮೊದಲು ನೆಗೆಟಿವ್.

ಈಗ ಆಯಿಲ್. ಟಿಲ್ಲರ್ ಸಮತಟ್ಟಾದ ನೆಲದ ಮೇಲಿರಬೇಕು, ವಾಲಿದ್ದರೆ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತಪ್ಪು ಮಟ್ಟ ತೋರಿಸುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡಿನದ್ದನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ನೋಡಿ. ಜಾಸ್ತಿ ಹಾಕಿದರೂ ತೊಂದರೆಯೇ. ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ಎರಡನ್ನೂ ನೋಡಬೇಕು. ಹೆಚ್ಚಿನವರು ಮರೆಯುವುದು ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಕ್ಲೀನರನ್ನು. ಡೀಸೆಲ್ ಟಿಲ್ಲರುಗಳಲ್ಲಿ ಹಲವಕ್ಕೆ ಅದರ ಬಟ್ಟಲಿಗೂ ಗುರುತಿನವರೆಗೆ ಆಯಿಲ್ ಬೇಕು. ಇಲ್ಲದಿದ್ದರೆ ಧೂಳು ನೇರವಾಗಿ ಸಿಲಿಂಡರ್ ಒಳಗೆ.

ನೀರಿನಿಂದ ತಣಿಯುವ ಎಂಜಿನ್ ಆದರೆ ರೇಡಿಯೇಟರಿಗೆ ಕೂಲೆಂಟ್ ತುಂಬಿ. ಗಡಸು ನೀರು ಹಾಕಿದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಡೀಸೆಲನ್ನು ಜಾಲರಿಯಿಂದ ಸೋಸಿ ಹಾಕಿ.

ಇನ್ನು ಸ್ಟಾರ್ಟ್ ಮಾಡಬಹುದು. ಬಯಲಿನಲ್ಲೇ ಮಾಡಿ, ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಜೀವಕ್ಕೇ ಅಪಾಯ. ಐದು ನಿಮಿಷ ನಿಧಾನವಾಗಿ ಓಡಿಸಿ, ನಿಲ್ಲಿಸಿ. ಕೆಳಗೆ ಎಲ್ಲಾದರೂ ಸೋರುತ್ತಿದೆಯಾ ನೋಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಫಿಲ್ಟರ್ ಇದ್ದರೆ ಅದು ತುಂಬಿಕೊಂಡು ಮಟ್ಟ ಇಳಿದಿರುತ್ತದೆ. ಕಡಿಮೆಯಾದಷ್ಟನ್ನು ಸೇರಿಸಿ ಕೆಲಸಕ್ಕೆ ಇಳಿಸಿ.