ಆಹ್ವಾನ ಪತ್ರಿಕೆ ಬರೆಯುವುದು ಹೇಗೆ?

ಪತ್ರಿಕೆ ಕೈಗೆ ಬಂದ ಮೇಲೂ ‘ಎಷ್ಟು ಗಂಟೆಗೆ? ಮಕ್ಕಳನ್ನೂ ಕರ್ಕೊಂಡು ಬರಬಹುದಾ?’ ಎಂದು ಫೋನ್ ಮಾಡಿ ಕೇಳಬೇಕಾದರೆ, ಅದರಲ್ಲಿ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ. ಅಲಂಕಾರದ ಮಾತು ಆಮೇಲಿರಲಿ, ಬರುವವರಿಗೆ ಬೇಕಾದ ವಿವರ ಮೊದಲು ಬರೆಯಿರಿ.

ಹಂತ 1: ಕರೆಯುವವರ ಪಟ್ಟಿ ಮಾಡಿ. ಹಿರಿಯ ಅಧಿಕಾರಿಗಳು, ಅತಿಥಿಗಳು, ಪರಿಚಯ ಕಡಿಮೆ ಇರುವವರು ಇದ್ದರೆ ಔಪಚಾರಿಕ ಧಾಟಿ ಬೇಕು. ಗೆಳೆಯರು, ಹತ್ತಿರದ ನೆಂಟರಿಗೆ ಸಲುಗೆಯ ಮಾತೇ ಚೆಂದ.

ಹಂತ 2: ವಿವರ ತುಂಬಿಸಿ. ಯಾರು ಕರೆಯುತ್ತಿದ್ದಾರೆ, ಯಾತಕ್ಕೆ, ಎಂದು, ಎಲ್ಲಿ. ತಾರೀಖಿನ ಜೊತೆ ವಾರವನ್ನೂ ಬರೆಯಿರಿ, ಬರೆದು ಕ್ಯಾಲೆಂಡರ್ ನೋಡಿ. ತಾರೀಖು ಒಂದು, ವಾರ ಇನ್ನೊಂದು ಆದರೆ ಓದಿದವರೆಲ್ಲ ಗೊಂದಲಕ್ಕೆ ಬೀಳುತ್ತಾರೆ. ಬರೀ ‘6 ಗಂಟೆ’ ಸಾಲದು, ಬೆಳಿಗ್ಗೆಯೋ ಸಂಜೆಯೋ ಹೇಳಿ. ಊಟ ಇದೆಯೋ, ಬರೀ ಕಾಫಿ-ತಿಂಡಿಯೋ ತಿಳಿಸಿದರೆ ಬರುವವರಿಗೆ ಎಷ್ಟೋ ಅನುಕೂಲ.

ಹಂತ 3: ಧಾಟಿ ಹಿಡಿಯಿರಿ. ಔಪಚಾರಿಕವಾದರೆ ಹೀಗೆ:

‘ನಮ್ಮ ಸಂಸ್ಥೆಯ ಹೊಸ ಕಚೇರಿಯ ಉದ್ಘಾಟನೆ 14 ಜೂನ್ 2026, ಭಾನುವಾರ ಸಂಜೆ 5 ಗಂಟೆಗೆ ನಡೆಯಲಿದೆ. ತಾವು ದಯವಿಟ್ಟು ಆಗಮಿಸಬೇಕಾಗಿ ಕೋರುತ್ತೇವೆ.’

ಸಲುಗೆಯದಾದರೆ:

‘ಭಾನುವಾರ, 14ನೇ ತಾರೀಖು ಸಂಜೆ 6ಕ್ಕೆ ಮನೆಯಲ್ಲಿ ಮಗಳ ಹುಟ್ಟುಹಬ್ಬ. ಮಕ್ಕಳನ್ನೂ ಕರ್ಕೊಂಡು ಇಬ್ಬರೂ ಬನ್ನಿ. ರಾತ್ರಿ ಊಟ ಇಲ್ಲೇ.’

ಒಂದೇ ಪತ್ರಿಕೆಯಲ್ಲಿ ಒಮ್ಮೆ ‘ತಾವು’, ಇನ್ನೊಮ್ಮೆ ‘ನೀವು’ ಬೇಡ. ಔಪಚಾರಿಕ ಪತ್ರದಲ್ಲಿ ಹೆಸರು, ಹುದ್ದೆ ತಪ್ಪಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ಅಚ್ಚಿಗೆ ಕೊಡುವ ಮುಂಚೆ ಇನ್ನೊಬ್ಬರಿಂದ ಓದಿಸಿ.

ಹಂತ 4: ಯಾರಿಗೆ ಕರೆ ಎಂಬುದು ಸ್ಪಷ್ಟವಿರಲಿ. ಲಕೋಟೆಯ ಮೇಲೆ ಒಬ್ಬರದೇ ಹೆಸರಿದ್ದರೆ ಕರೆದದ್ದು ಅವರೊಬ್ಬರನ್ನೇ. ಮನೆಯವರೆಲ್ಲ ಬರಲಿ ಎಂದಿದ್ದರೆ ‘ಕುಟುಂಬ ಸಮೇತ’ ಎಂದು ಸೇರಿಸಿ. ಇದನ್ನು ಹೇಳಲು ಸಂಕೋಚಪಟ್ಟು ಸುಮ್ಮನಾಗುವವರು ಜಾಸ್ತಿ, ಆಮೇಲೆ ಮುಜುಗರವಾಗುವುದು ಎರಡೂ ಕಡೆಗೆ.

ಹಂತ 5: ಉತ್ತರ ಕೇಳಿ. ‘ಇಂಥ ದಿನದೊಳಗೆ ಈ ನಂಬರಿಗೆ ತಿಳಿಸಿ’ ಅಂದರೆ ಸಾಕು. ಅಡುಗೆಯವರಿಗೆ ಲೆಕ್ಕ ಕೊಡಬೇಕಾದ ದಿನಕ್ಕಿಂತ ಸ್ವಲ್ಪ ಮುಂಚಿನ ತಾರೀಖು ಕೊಡಿ.

ಉಡುಗೊರೆ ಇಂಥದೇ ಇರಲಿ ಎಂದು ಬರೆಯಬೇಡಿ, ಅದು ಕೇಳಿ ಪಡೆದಂತಾಗುತ್ತದೆ. ಬೇಡ ಎನ್ನುವುದಾದರೆ ಒಂದೇ ಸಾಲಿನಲ್ಲಿ ಹೇಳಿ.

ಹಂತ 6: ಸಮಯ ನೋಡಿ ಕಳಿಸಿ. ದೊಡ್ಡ ಸಮಾರಂಭಕ್ಕೆ ಆರರಿಂದ ಎಂಟು ವಾರ ಮೊದಲು, ಮನೆಯ ಸಣ್ಣ ಕೂಟಕ್ಕೆ ಎರಡು ಮೂರು ವಾರ ಮೊದಲು. ಗ್ರೂಪಿಗೆ ಒಂದು ಮೆಸೇಜ್ ಹಾಕಿ ಕೈತೊಳೆದುಕೊಳ್ಳಬೇಡಿ. ಹತ್ತಿರದವರಿಗೆ, ಹಿರಿಯರಿಗೆ ಬೇರೆಯಾಗಿ ಫೋನ್ ಮಾಡಿ ಕರೆಯಿರಿ. ಹೆಸರು ಹಿಡಿದು ಕರೆದರೆ ಯಾರಿಗಾದರೂ ಖುಷಿ ಅಲ್ವಾ?

ದಿನ, ಜಾಗ ಬದಲಾದರೆ ಕರೆದ ಪ್ರತಿಯೊಬ್ಬರಿಗೂ ಕೂಡಲೇ ತಿಳಿಸಿ. ದೂರದಿಂದ ಹೊರಟು ಬರುವವರಿಗೆ ಮೊದಲ ಫೋನ್ ಹೋಗಲಿ.